ಗುಟ್ಟಿನ ಗಿರಾಕಿಯ ವರದಿ ಯಾರ ತಲೆಗೆ?

ಸೆಮಿಸ್ಟರ್ ಮುಗಿದು ಪರೀಕ್ಷೆಯ ಕೆಲಸವೂ ತೀರಿತೆಂದರೆ ಅತಿಥಿ ಉಪನ್ಯಾಸಕರ ಸಂಬಳ ನಿಲ್ಲುತ್ತದೆ. ಮನೆ ಬಾಡಿಗೆ ನಿಲ್ಲುವುದಿಲ್ಲ, ಕರೆಂಟ್ ಬಿಲ್ಲು ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಬಹುತೇಕ ಎಲ್ಲರಿಗೂ ಒಂದೊಂದು ಉಪಕಸುಬು ಇದೆ. ಒಬ್ಬರು ಟ್ಯೂಷನ್ ಹೇಳುತ್ತಾರೆ, ಇನ್ನೊಬ್ಬರು ವಿಮೆ ಏಜೆನ್ಸಿ ಹಿಡಿದಿದ್ದಾರೆ, ನನ್ನ ಪಕ್ಕದ ಕುರ್ಚಿಯ ಕನ್ನಡ ಮೇಡಂ ಬೇಸಿಗೆಯಲ್ಲಿ ಹಪ್ಪಳ ಸಂಡಿಗೆಯ ಆರ್ಡರ್ ತಗೊಳ್ಳುತ್ತಾರೆ. ಹುಬ್ಬಳ್ಳಿಯಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನಾನು ಹಿಡಿದದ್ದು ಮಿಸ್ಟರಿ ಶಾಪಿಂಗ್. ಗಿರಾಕಿಯಂತೆ ಅಂಗಡಿಗೆ ಹೋಗಿ, ನೋಡಿ, ಕೇಳಿ, ಕೊಂಡು, ಮನೆಗೆ ಬಂದು ಗುಟ್ಟಾಗಿ ವರದಿ ಬರೆದು ಕೊಡುವ ಕೆಲಸ. ಈಚೆಗೆ ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಓಣಿಯ ಹೆಣ್ಣುಮಕ್ಕಳು ‘ಮಾಡಬಹುದೇನ್ರೀ ಅದನ್ನ?’ ಎಂದು ಕೇಳುವುದು ಜಾಸ್ತಿಯಾಗಿದೆ. ಹೌದು ಎಂದಷ್ಟೇ ಹೇಳಿ ಕಳಿಸಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಈ ಬರಹ.

ಕೆಲಸದ ರೀತಿ ಹೀಗೆ. ದೊಡ್ಡ ಕಂಪನಿಗಳಿಗೆ ನೂರಾರು ಊರುಗಳಲ್ಲಿ ಮಳಿಗೆ, ಶಾಖೆ, ಬಂಕ್, ಹೋಟೆಲ್ ಇರುತ್ತವೆ. ಅಲ್ಲಿ ಗಿರಾಕಿಗೆ ನಿಜವಾಗಿ ಏನು ಸಿಗುತ್ತಿದೆ ಎಂದು ಮೇಲಿನವರಿಗೆ ಗೊತ್ತಾಗುವುದಿಲ್ಲ. ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂದ ದಿನ ಎಲ್ಲ ಅಂಗಡಿಯೂ ಚೊಕ್ಕವಾಗಿರುತ್ತದೆ. ಆದ್ದರಿಂದ ಮಧ್ಯದ ಒಂದು ಏಜೆನ್ಸಿಯ ಮೂಲಕ ನಮ್ಮಂಥವರನ್ನು ಕಳಿಸುತ್ತಾರೆ. ಯಾವ ಮಳಿಗೆ, ಯಾವ ಹೊತ್ತು, ಏನು ಕೇಳಬೇಕು, ಎಷ್ಟು ರೂಪಾಯಿಯೊಳಗೆ ಏನು ಕೊಳ್ಳಬೇಕು ಎಂಬುದೆಲ್ಲ ಮೊದಲೇ ಬರುತ್ತದೆ. ಒಳಗೆ ಹೋದ ಗಳಿಗೆಯಿಂದ ಗಡಿಯಾರದ ಮೇಲೆ ಕಣ್ಣಿರಬೇಕು. ಎಷ್ಟು ಹೊತ್ತಿಗೆ ಮಾತಾಡಿಸಿದರು, ಬ್ಯಾಡ್ಜ್ ಹಾಕಿದ್ದರೇ, ಇನ್ನೊಂದು ವಸ್ತು ತೋರಿಸಿದರೇ, ಬಿಲ್ ಕೊಟ್ಟರೇ, ಶೌಚಾಲಯ ಹೇಗಿತ್ತು. ಬಿಲ್ಲಿನ ಫೋಟೊ ಸಮೇತ ಅವತ್ತು ರಾತ್ರಿಯೇ ನಲವತ್ತೈವತ್ತು ಪ್ರಶ್ನೆಗಳ ಫಾರಂ ತುಂಬಿ ಕಳಿಸಬೇಕು.

ದುಡ್ಡಿನ ಮಾತು ಮೊದಲು ಮುಗಿಸೋಣ. ನನ್ನ ಕೈಗೆ ಬಂದ ಕೆಲಸಗಳಿಗೆ ಸಾಮಾನ್ಯವಾಗಿ ಮುನ್ನೂರರಿಂದ ಆರುನೂರು ರೂಪಾಯಿ. ಕೊಂಡ ವಸ್ತುವಿನ ಹಣ ಬೇರೆ, ಅದೂ ಮಿತಿಯೊಳಗೆ. ನಾನೂರು ರೂಪಾಯಿಯ ಒಂದು ಕೆಲಸ ತಗೊಳ್ಳಿ. ವಿದ್ಯಾನಗರದಿಂದ ಗೋಕುಲ್ ರಸ್ತೆಗೆ ಹೋಗಿ ಬರಲು ಒಂದು ತಾಸು, ಅಂಗಡಿಯೊಳಗೆ ಮುಕ್ಕಾಲು ತಾಸು, ರಾತ್ರಿ ವರದಿಗೆ ಒಂದೂವರೆ ತಾಸು. ಆಟೋ, ಬಸ್ಸಿನ ಖರ್ಚು ಕಳೆದರೆ ತಾಸಿಗೆ ನೂರರ ಆಸುಪಾಸು ಉಳಿಯುತ್ತದೆ. ಅದೂ ಕೈಗೆ ಬರಲು ಒಂದೂವರೆ ಎರಡು ತಿಂಗಳು. ಟಿಡಿಎಸ್ ಮುರಿದುಕೊಂಡಿದ್ದರೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ ಮೇಲೆಯೇ ಅದು ವಾಪಸು. ಫೋಟೊ ಮಸುಕಾಯಿತು, ಹೊತ್ತು ತಪ್ಪಿತು ಎಂದು ವರದಿ ತಿರಸ್ಕರಿಸಿದರೆ ಕೂಲಿಯೂ ಇಲ್ಲ, ಕೊಂಡ ವಸ್ತುವಿನ ಹಣವೂ ಇಲ್ಲ. ಒಂದು ತಿಂಗಳು ಕೈತುಂಬ ಕೆಲಸ, ಮುಂದಿನ ತಿಂಗಳು ಫೋನೇ ಬರುವುದಿಲ್ಲ. ಬೇರೆ ಆದಾಯ ಇರುವವರಿಗೆ ಇದು ಮೇಲುಖರ್ಚಿಗೆ ಆದೀತು. ಇದನ್ನೇ ನಂಬಿ ಮನೆ ನಡೆಸುತ್ತೇನೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಮೋಸದ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಅಮೆರಿಕದಲ್ಲಿ ಈ ಹೆಸರಿನಲ್ಲಿ ನಕಲಿ ಚೆಕ್ ಕಳಿಸಿ ಲೂಟಿ ಮಾಡುತ್ತಾರೆ, ಅಲ್ಲಿನ ಗ್ರಾಹಕ ರಕ್ಷಣೆಯ ಸಂಸ್ಥೆ ಎಫ್‌ಟಿಸಿ ವರ್ಷಗಳಿಂದ ಎಚ್ಚರಿಸುತ್ತಲೇ ಇದೆ. ನಮ್ಮಲ್ಲಿ ಚೆಕ್ಕಿನ ಬದಲು ಟೆಲಿಗ್ರಾಂ ಮತ್ತು ಯುಪಿಐ. ‘ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ’ ಎಂದು ವಾಟ್ಸ್ಯಾಪಿಗೆ ಸಂದೇಶ ಬರುತ್ತದೆ. ಯಾವುದೋ ಹೋಟೆಲಿಗೆ ಐದು ನಕ್ಷತ್ರ ಒತ್ತಿದ್ದಕ್ಕೆ ನೂರೈವತ್ತು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನಮ್ಮಿಂದಲೇ ಹಣ ಹಾಕಿಸಿಕೊಳ್ಳುತ್ತಾರೆ, ಮೊದಲು ಸಾವಿರ, ಆಮೇಲೆ ಹತ್ತು ಸಾವಿರ, ಆಮೇಲೆ ಅದನ್ನು ಬಿಡಿಸಿಕೊಳ್ಳಲು ಇನ್ನಷ್ಟು. ನನಗೆ ಪರಿಚಯದ ಒಬ್ಬ ಬಾಣಂತಿ ಚಿನ್ನ ಒತ್ತೆಯಿಟ್ಟು ಹೀಗೆ ಕಳಕೊಂಡಳು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಅರೆಕಾಲಿಕ ಕೆಲಸದ ಹೆಸರಿನ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು, ಆದರೂ ದಂಧೆ ನಿಂತಿಲ್ಲ. ಪರೀಕ್ಷೆ ಒಂದೇ: ಕೆಲಸ ಕೊಡುವವನು ನಿಮ್ಮಿಂದ ಹಣ ಕೇಳಿದರೆ ಅದು ಕೆಲಸವಲ್ಲ. ಸರಿಯಾದ ಏಜೆನ್ಸಿ ನೋಂದಣಿಗೆ ಒಂದು ಪೈಸೆಯನ್ನೂ ತಗೊಳ್ಳುವುದಿಲ್ಲ. ಹಣ ಹೋಗಿದ್ದರೆ ಯಾರು ಏನಂದುಕೊಳ್ಳುತ್ತಾರೋ ಎಂದು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಇಷ್ಟು ಕಡಿಮೆ ದುಡ್ಡಿಗೆ ನಾನು ಯಾಕೆ ಈ ಕೆಲಸ ಬಿಟ್ಟಿಲ್ಲ ಎಂದರೆ, ಇದರಿಂದ ನನಗೆ ದೊರೆತ ಕಣ್ಣಿಗಾಗಿ. ‘ಸೇವೆ ಚೆನ್ನಾಗಿರಲಿಲ್ಲ’ ಎಂದು ಬರೆದರೆ ವರದಿ ವಾಪಸು ಬರುತ್ತದೆ. ‘7.10ಕ್ಕೆ ಒಳಗೆ ಹೋದೆ, 7.17ರವರೆಗೆ ಯಾರೂ ಮಾತಾಡಿಸಲಿಲ್ಲ, ಆ ಹೊತ್ತಿನಲ್ಲಿ ಇಬ್ಬರು ಸಿಬ್ಬಂದಿ ಬೇರೆ ಗಿರಾಕಿಗಳ ಬಳಿ ಇದ್ದರು’ ಎಂದು ಬರೆಯಬೇಕು. ಕಂಡದ್ದು ಬೇರೆ, ಅನಿಸಿದ್ದು ಬೇರೆ ಎಂಬುದನ್ನು ನನ್ನ ಬಿ.ಕಾಂ. ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಸಿಕ್ಕಿಲ್ಲ. ಅವರ ಪ್ರಾಜೆಕ್ಟ್ ವರದಿಗಳನ್ನು ಈಗ ಇದೇ ಶಿಸ್ತಿನಲ್ಲಿ ಬರೆಸುತ್ತೇನೆ.

ಇನ್ನು ಹಕ್ಕುಗಳ ವಿಷಯ. ಪೆಟ್ರೋಲ್ ಬಂಕಿಗೆ ಸ್ಕೂಟಿ ಒಯ್ದಾಗ ಹುಡುಗ ‘ಝೀರೋ ನೋಡ್ರಿ ಅಕ್ಕಾರ’ ಎನ್ನುತ್ತಾನೆ, ನಾವು ಝೀರೋ ನೋಡಿ ಸುಮ್ಮನಾಗುತ್ತೇವೆ. ಆದರೆ ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಅಳತೆಪಾತ್ರೆ ಇರಲೇಬೇಕು. ಅನುಮಾನ ಬಂದರೆ ನಮ್ಮೆದುರೇ ಅದಕ್ಕೆ ಹಾಕಿ ತೋರಿಸಿ ಎಂದು ಯಾವ ಗಿರಾಕಿಯಾದರೂ ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರ್ ಆಚೀಚೆ ಮಾತ್ರ ಮಾಫಿ. ಫಿಲ್ಟರ್ ಪೇಪರ್ ಕೇಳಿ ಒಂದು ಹನಿ ಬಿಟ್ಟರೆ, ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರುತ್ತದೆ. ಗಾಳಿ, ಕುಡಿಯುವ ನೀರು ಪುಕ್ಕಟೆ. ಹೋಟೆಲಿನ ಬಿಲ್ಲಿಗೆ ಕೇಳದೆ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಗ್ರಾಹಕ ರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರಲ್ಲೇ ಹೇಳಿದೆ. ಗ್ರಾಹಕರ ಸಹಾಯವಾಣಿ 1915. ನಾನು ವಾಣಿಜ್ಯ ಓದಿದವಳು, ಪಾಠ ಮಾಡುವವಳು. ಆದರೂ ಇವುಗಳನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬಂದದ್ದು ಈ ಕೆಲಸದಿಂದ. ಆ ಧೈರ್ಯಕ್ಕೆ ನಾನು ನಾನೂರು ರೂಪಾಯಿಗಿಂತ ಹೆಚ್ಚು ಬೆಲೆ ಕಟ್ಟುತ್ತೇನೆ.

ವೇಷ ಹಾಕಿ ನೋಡುವುದೇ ತಪ್ಪು ಎನ್ನುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಕೆಲವು ಸತ್ಯ ನೇರವಾಗಿ ಕೇಳಿದರೆ ಹೊರಬರುವುದೇ ಇಲ್ಲ. ಜಿಷ್ಣು ದಾಸ್ ಮತ್ತು ಸಂಗಡಿಗರು ದೆಹಲಿಯಲ್ಲಿ ಮಾಡಿದ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬಂತು. ತರಬೇತಿ ಪಡೆದ ಕೆಲವರು ಕ್ಷಯದ ಲಕ್ಷಣ ಹೇಳಿಕೊಂಡು ರೋಗಿಗಳಂತೆ ವೈದ್ಯರ ಬಳಿ ಹೋದರು. 250 ಭೇಟಿಗಳಲ್ಲಿ ಸರಿಯಾದ ಕ್ರಮ ಅನುಸರಿಸಿದ್ದು 52ರಲ್ಲಿ ಮಾತ್ರ. ವೈದ್ಯರಿಗೆ ಪ್ರಶ್ನಾವಳಿ ಕೊಟ್ಟಿದ್ದರೆ ಈ ಸಂಖ್ಯೆ ಬರುತ್ತಿತ್ತೇ? ಜೀವವಿಮೆಯ ಏಜೆಂಟರ ಬಳಿಗೂ ಅರ್ಥಶಾಸ್ತ್ರಜ್ಞರು ಹೀಗೆಯೇ ಗಿರಾಕಿಗಳನ್ನು ಕಳಿಸಿದ್ದಾರೆ. ಕಡಿಮೆ ಖರ್ಚಿನ ಟರ್ಮ್ ಪಾಲಿಸಿ ಸಾಕಾಗಿದ್ದವರಿಗೂ ಹೆಚ್ಚು ಕಮಿಷನ್ ಬರುವ ಪಾಲಿಸಿಯನ್ನೇ ಹೇಳುತ್ತಾರೆ ಎಂಬುದು ಸಂತೋಷ್ ಅನಗೋಳ್, ಶಾನ್ ಕೋಲ್, ಶಾಯಕ್ ಸರ್ಕಾರ್ ಅವರ ಅಧ್ಯಯನದಲ್ಲಿ ಕಂಡುಬಂತು. ಆರೋಗ್ಯವಾಗಲಿ, ಉಳಿತಾಯವಾಗಲಿ, ಅಲ್ಲಿ ವೇಷ ಹಾಕಿದ್ದು ಜನರ ಒಳಿತಿಗೇ.

ಆದರೆ ಆ ಅಧ್ಯಯನಗಳಿಗೂ ನಾನು ರಾತ್ರಿ ಕೂತು ತುಂಬುವ ಫಾರಮ್ಮಿಗೂ ಒಂದು ಅಜಗಜಾಂತರ ವ್ಯತ್ಯಾಸವಿದೆ. ದೆಹಲಿಯ ಆ ವೈದ್ಯರು ಮೊದಲೇ ಒಪ್ಪಿಗೆ ಕೊಟ್ಟಿದ್ದರು, ಯಾವ ದಿನ ಯಾರು ಬರುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಯಾವ ವೈದ್ಯರ ಹೆಸರೂ ಹೊರಗೆ ಬರಲಿಲ್ಲ. ವಿಮೆಯ ಅಧ್ಯಯನದಲ್ಲಿ ಬೊಟ್ಟು ಹೋದದ್ದು ಕಮಿಷನ್ ಪದ್ಧತಿಯ ಕಡೆಗೆ. ನನ್ನ ಫಾರಮ್ಮಿನಲ್ಲಿ ಮಾತ್ರ ಮೊದಲ ಪ್ರಶ್ನೆಯೇ ‘ಬ್ಯಾಡ್ಜಿನ ಮೇಲಿದ್ದ ಹೆಸರೇನು?’. ಹೆಸರು ಇಲ್ಲವಾದರೆ ಎತ್ತರ, ಮೈಬಣ್ಣ, ಕನ್ನಡಕ, ಜಡೆಯ ಗುರುತು ಬರೆಯಬೇಕು. ಈ ಕೆಲಸದ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ಒಂದು ಸಂಜೆಯ ಮಾತು. ಬಟ್ಟೆ ಮಳಿಗೆಯೊಂದರ ಮೊದಲ ಮಹಡಿ, ಮೇ ತಿಂಗಳು, ಮದುವೆಯ ಸೀಸನ್. ಕುರ್ತಿಗಳ ಇಡೀ ವಿಭಾಗಕ್ಕೆ ಇಬ್ಬರೇ ಹುಡುಗಿಯರು, ಅವರಲ್ಲಿ ಒಬ್ಬಳು ಟ್ರಯಲ್ ರೂಮಿನ ಬಾಗಿಲಿಗೆ. ಇನ್ನೊಬ್ಬಳು ಸ್ಟೂಲ್ ಹತ್ತಿ ಮೇಲಿನ ರ‍್ಯಾಕಿನಿಂದ ಕಟ್ಟು ಇಳಿಸಿದಳು, ಮತ್ತೆ ಹತ್ತಿದಳು, ಮತ್ತೆ ಇಳಿಸಿದಳು. ನಾನು ಆರಿಸುತ್ತಿದ್ದಾಗ ಒಂದು ಚಪ್ಪಲಿ ಬಿಟ್ಟು, ಆ ಪಾದವನ್ನು ಇನ್ನೊಂದು ಪಾದದ ಮೇಲಿಟ್ಟು ಒತ್ತಿಕೊಳ್ಳುತ್ತಿದ್ದಳು. ಫ್ಲೋರ್ ಮ್ಯಾನೇಜರ್ ಈ ಕಡೆ ತಿರುಗಿದ ಕೂಡಲೇ ಚಪ್ಪಲಿ ಕಾಲಿಗೆ ಏರಿತು. ನಾನು ಕೆಂಪು ಕುರ್ತಿಯೊಂದನ್ನು ಎತ್ತಿಕೊಂಡೆ. ಅವಳು ಸುತ್ತ ನೋಡಿ ಮೆಲ್ಲಗೆ, ‘ಅದು ಬ್ಯಾಡ್ರಿ ಅಕ್ಕಾರ, ಬಣ್ಣ ಬಿಡ್ತದ. ಈ ನೀಲಿದು ತಗೋರಿ, ಬಾಳಿಕಿ ಬರ್ತದ’ ಎಂದಳು. ನೀಲಿ ಕುರ್ತಿಯ ಬೆಲೆ ಇನ್ನೂರು ರೂಪಾಯಿ ಕಡಿಮೆ ಇತ್ತು.

ರಾತ್ರಿ ಫಾರಂ ತೆರೆದೆ. ಅರ್ಧ ನಿಮಿಷದೊಳಗೆ ಸ್ವಾಗತಿಸಿದರೇ? ಇಲ್ಲ. ನಗುಮುಖವಿತ್ತೇ? ಇಲ್ಲ. ಜತೆಗೆ ದುಪಟ್ಟಾ ಅಥವಾ ಲೆಗ್ಗಿಂಗ್ಸ್ ತೋರಿಸಿದರೇ? ಇಲ್ಲ. ಸಿಬ್ಬಂದಿ ಒರಗದೆ, ಕೂರದೆ, ಚುರುಕಾಗಿ ನಿಂತಿದ್ದರೇ? ಈ ನಾಲ್ಕಕ್ಕೇ ಅರ್ಧಕ್ಕರ್ಧ ಅಂಕ ಹೋಗುತ್ತದೆ. ಬಣ್ಣ ಬಿಡುತ್ತದೆ ಎಂದು ಗಿರಾಕಿಗೆ ನಿಜ ಹೇಳಿದ್ದಕ್ಕೆ ಅಲ್ಲಿ ಕಾಲಂ ಇಲ್ಲ. ಆ ಮಹಡಿಗೆ ನಾಲ್ಕು ಜನ ಬೇಕಿತ್ತು, ಇಬ್ಬರನ್ನು ಹಾಕಿದ್ದರು ಎಂಬುದಕ್ಕೆ ಕಾಲಂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದವಳಿಗೆ ಸಂಜೆ ಏಳರವರೆಗೆ ಕೂರಲು ಒಂದು ಸ್ಟೂಲಾದರೂ ಇತ್ತೇ ಎಂದು ಯಾರೂ ಕೇಳಿಲ್ಲ. ಹತ್ತಲು ಇದ್ದ ಸ್ಟೂಲ್ ಕೂರಲಿಕ್ಕಲ್ಲ. ಕಂಡದ್ದನ್ನು ಕಂಡಂತೆ ಬರೆಯಲೇಬೇಕು, ಬರೆದೆ. ಕೊನೆಯ ಷರಾ ಜಾಗದಲ್ಲಿ ಇವಿಷ್ಟನ್ನೂ ವಿವರವಾಗಿ ಸೇರಿಸಿದೆ. ಆದರೆ ಮೇಲಿನವರ ಮೇಜಿಗೆ ಹೋಗುವುದು ಶೇಕಡಾವಾರು ಅಂಕ. ಷರಾವನ್ನು ಯಾರಾದರೂ ಓದಿದರೋ ಇಲ್ಲವೋ ಎಂದು ನಮಗೆ ಎಂದೂ ತಿಳಿಯುವುದಿಲ್ಲ.

ಆ ಅಂಕ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಾದದ್ದು ನನ್ನದೇ ತರಗತಿಯಿಂದ. ನಮ್ಮ ಕಾಲೇಜಿನ ಎಷ್ಟೋ ಮಕ್ಕಳು ಮಧ್ಯಾಹ್ನದ ಮೇಲೆ ಅಂಗಡಿಗಳಲ್ಲಿ ದುಡಿಯುತ್ತಾರೆ. ಎರಡನೇ ವರ್ಷದ ಹುಡುಗಿಯೊಬ್ಬಳು ಪರೀಕ್ಷೆ ಶುಲ್ಕ ಕಟ್ಟಲು ನಾಲ್ಕು ದಿನ ಗಡುವು ಕೇಳಲು ಬಂದಳು. ಯಾಕಮ್ಮಾ ಎಂದೆ. ‘ಮೇಡಂ, ನಮ್ಮ ಅಂಗಡಿಗೆ ಆಡಿಟ್‌ನವ್ರು ಗಿರಾಕಿ ಹಂಗ ಬಂದು ಹೋಗ್ಯಾರಂತ್ರಿ. ನಾ ನಗಲಿಲ್ಲಂತ ಬರದಾರ. ಎಲ್ಲಾರ ಇನ್ಸೆಂಟಿವ್ ಕಟ್ ಆತ್ರಿ. ಅವತ್ತ ನನಗ ಜ್ವರ ಇತ್ತರಿ’ ಎಂದಳು. ಅದು ನಾನು ಯಾವತ್ತೂ ಹೋದ ಅಂಗಡಿಯಲ್ಲ. ಆದರೆ ಯಾರೋ ನನ್ನಂಥವರು ಹೋಗಿದ್ದರು. ಅವಳಿಗೆ ಆ ವರದಿಯನ್ನು ತೋರಿಸಿರಲಿಲ್ಲ, ಅವಳ ಮಾತು ಕೇಳಿರಲಿಲ್ಲ. ಒಂದು ಸಲದ, ಮುಕ್ಕಾಲು ತಾಸಿನ ಭೇಟಿಯ ಮೇಲೆ ಆ ಅಂಗಡಿಯ ಅಷ್ಟೂ ಮಕ್ಕಳ ತಿಂಗಳ ಇನ್ಸೆಂಟಿವ್ ಹೋಯಿತು. ಅವಳ ಪಾಲಿಗೆ ಕಟ್ ಆದದ್ದು ಎಂಟುನೂರು ರೂಪಾಯಿ. ವರದಿ ಬರೆದವರಿಗೆ ಅದರ ಅರ್ಧವೂ ಸಿಕ್ಕಿರಲಿಕ್ಕಿಲ್ಲ.

ಅವತ್ತಿನಿಂದ ನಾನು ಕೆಲಸ ಒಪ್ಪಿಕೊಳ್ಳುವ ಮುಂಚೆ ಏಜೆನ್ಸಿಯವರನ್ನು ಒಂದು ಮಾತು ಕೇಳುತ್ತೇನೆ: ಈ ವರದಿಯಿಂದ ಯಾರ ಸಂಬಳಕ್ಕಾದರೂ ಕತ್ತರಿ ಬೀಳುತ್ತದೆಯೇ? ಉತ್ತರ ಕೊಡದಿದ್ದರೆ ಆ ಕೆಲಸ ಬಿಡುತ್ತೇನೆ. ಕಾರಿನ ಶೋರೂಮಿನ ಕೆಲಸವನ್ನೂ ಬಿಟ್ಟಿದ್ದೇನೆ, ಹಣ ಅದರಲ್ಲಿ ಹೆಚ್ಚು. ಅಲ್ಲಿನ ಹುಡುಗರ ಬದುಕು ಮಾರಾಟದ ಮೇಲೆ ನಿಂತಿದೆ. ಕೊಳ್ಳುವ ಇರಾದೆಯೇ ಇಲ್ಲದ ನಾನು ಶನಿವಾರ ಸಂಜೆ ಒಂದು ತಾಸು ಟೆಸ್ಟ್ ಡ್ರೈವ್ ಮಾಡಿಸಿಕೊಂಡು, ಆಮೇಲೆ ದಿನಾ ಬರುವ ಅವರ ಫೋನಿಗೆ ಸುಳ್ಳು ಹೇಳುವುದು ನನಗೆ ಆಗದ ಮಾತು. ಪೆಟ್ರೋಲಿನ ಅಳತೆ, ಹೋಟೆಲಿನ ಸ್ವಚ್ಛತೆ, ಬಿಲ್ಲಿನ ಲೆಕ್ಕ, ಬ್ಯಾಂಕಿನಲ್ಲಿ ಹಿರಿಯರಿಗೆ ಎಫ್‌ಡಿ ಬದಲು ವಿಮೆ ಅಂಟಿಸುತ್ತಾರೋ ಎಂಬ ತಪಾಸಣೆ, ಇವುಗಳನ್ನು ಸಂತೋಷದಿಂದ ಮಾಡುತ್ತೇನೆ. ಹೊಸದಾಗಿ ಬರುವವರಿಗೂ ನಾನು ಹೇಳುವುದು ಇದನ್ನೇ. ನಿಮ್ಮ ವರದಿಯಿಂದ ಗಿರಾಕಿಗೆ ಒಳಿತಾಗುವ ಕಡೆ ಹೋಗಿ, ಕೌಂಟರಿನ ಹಿಂದೆ ನಿಂತ ಬಡ ಹುಡುಗಿಯ ನಗು ಅಳೆಯುವುದಷ್ಟೇ ಕೆಲಸವಾದರೆ ಬೇಡವೆನ್ನಿ. ಮಾರುಕಟ್ಟೆ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಎಸೋಮಾರ್ ಕೂಡ ಇಂಥ ಭೇಟಿಗಳಾಗುತ್ತವೆ ಎಂಬುದನ್ನು ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು ಎನ್ನುತ್ತದೆ. ಅಷ್ಟನ್ನಾದರೂ ಎಲ್ಲ ಕಂಪನಿಗಳೂ ಪಾಲಿಸಲಿ. ವರದಿಯ ಪ್ರತಿ ಸಿಬ್ಬಂದಿಗೂ ಸಿಗಲಿ. ಒಂದೇ ಭೇಟಿಯ ಮೇಲೆ ಯಾರ ಹಣವನ್ನೂ ಹಿಡಿಯದಿರಲಿ.

ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕಾನೂನಿಗೆ ತಿದ್ದುಪಡಿ ತಂದು ದುಡಿಯುವವರಿಗೆ ಕೂರುವ ಹಕ್ಕು ಕೊಟ್ಟಿವೆ. ಕೇರಳದಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದು ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳೇ. ಕೊಪ್ಪೀಕರ್ ರಸ್ತೆಯಿಂದ ಗೋಕುಲ್ ರಸ್ತೆಯವರೆಗೆ ನಾನು ಹತ್ತಿಳಿದ ಮಳಿಗೆಗಳಲ್ಲಿ ಸೇಲ್ಸ್ ಹುಡುಗಿಯರಿಗೆಂದು ಇಟ್ಟ ಕುರ್ಚಿ ಕಂಡದ್ದು ತೀರ ಕಡಿಮೆ. ಲಕ್ಷಗಟ್ಟಲೆ ಖರ್ಚು ಮಾಡಿ ಗುಟ್ಟಾಗಿ ಗಿರಾಕಿಗಳನ್ನು ಕಳಿಸುವ ಕಂಪನಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಐವತ್ತು ಪ್ರಶ್ನೆಗಳ ಜತೆ ಇನ್ನೊಂದನ್ನು ಸೇರಿಸಿ, ಅದಕ್ಕೂ ಅಂಕ ಇಡಿ, ಆ ಅಂಕವನ್ನು ಮ್ಯಾನೇಜರ್ ಲೆಕ್ಕಕ್ಕೆ ಹಾಕಿ: ‘ಸಿಬ್ಬಂದಿಗೆ ಕೂರಲು ಕುರ್ಚಿ ಇತ್ತೇ?’